ಚಿತ್ರಕ್ಕೆ ತಕ್ಕ ಚೌಕಟ್ಟು

ಚೌಕಟ್ಟಿನ ರಚನೆ

ಗೋಡೆಗೆ ತೂಗುಹಾಕುವ ಕಲಾಕೃತಿಯನ್ನು ಧೂಳು, ತೇವ ಮತ್ತು ಕೈಸೋಂಕಿನಿಂದ ಕಾಪಾಡುವುದು ಚೌಕಟ್ಟಿನ ಮೊದಲ ಕೆಲಸ, ಅಲಂಕಾರ ಎರಡನೆಯದು. ಹೊರಗೆ ಕಾಣುವ ಮರದ ಪಟ್ಟಿ ಅದರ ಒಂದು ಭಾಗ ಮಾತ್ರ. ಪಟ್ಟಿಯ ಒಳಅಂಚಿನಲ್ಲಿ ಕೊರೆದ ತೋಡಿನೊಳಗೆ ಗಾಜು, ಮೌಂಟ್ ಬೋರ್ಡ್, ಚಿತ್ರ, ಹಿಂಬದಿಯ ಹಲಗೆ ಒಂದರ ಹಿಂದೊಂದು ಕೂರುತ್ತವೆ. ಕಟ್ಟು ಹಾಕಿಸಲು ಹೋದವರ ಗಮನವೆಲ್ಲ ಸಾಮಾನ್ಯವಾಗಿ ಪಟ್ಟಿಯ ಬಣ್ಣ, ಕೆತ್ತನೆಗಳ ಮೇಲಿರುತ್ತದೆ. ಚಿತ್ರದ ಆಯುಷ್ಯವನ್ನು ನಿರ್ಧರಿಸುವುದು ಮಾತ್ರ ಒಳಗಿನ ಪದರಗಳು. ಹಣ ಸೀಮಿತವಾಗಿದ್ದರೆ ಅದನ್ನು ಮೊದಲು ಒಳಗೆ ಖರ್ಚು ಮಾಡುವುದೇ ಸರಿ.

ಗಾಜು ಬೇಕೆ, ಬೇಡವೆ

ಇದಕ್ಕೆ ಉತ್ತರ ಚಿತ್ರದ ಮಾಧ್ಯಮದಲ್ಲಿದೆ. ಕ್ಯಾನ್ವಾಸಿನ ಮೇಲಿನ ತೈಲವರ್ಣಕ್ಕೆ ಸಾಮಾನ್ಯವಾಗಿ ಗಾಜು ಹಾಕುವುದಿಲ್ಲ; ಅದರ ಮೇಲ್ಮೈಯನ್ನು ವಾರ್ನಿಷ್ ಕಾಯುತ್ತದೆ. ಕಾಗದದ ಮೇಲಿನ ಕೃತಿಗೆ ಗಾಜು ಅಗತ್ಯ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಎಸ್.ಎಲ್. ಹಲ್ದಾಂಕರ್ ಅವರ ದೀಪ ಹಿಡಿದ ಮಹಿಳೆಯ ಪ್ರಸಿದ್ಧ ಚಿತ್ರ ಜಲವರ್ಣದ್ದು. ಅಂಥ ಮೂಲಕೃತಿಗಾಗಲಿ, ಮನೆಯ ಗೋಡೆಗೆ ಬರುವ ಅದರ ಮುದ್ರಿತ ಪ್ರತಿಗಾಗಲಿ ಗಾಜಿನ ರಕ್ಷಣೆ ಬೇಕು. ದೊಡ್ಡ ಚಿತ್ರಕ್ಕೆ ಗಾಜಿನ ಬದಲು ಹಗುರವಾದ ಅಕ್ರಿಲಿಕ್ ಹಾಳೆ ಬಳಸಬಹುದು. ಇದ್ದಿಲು ಮತ್ತು ಪೇಸ್ಟಲ್ ಚಿತ್ರಗಳಿಗೆ ಅದು ಸಲ್ಲದು: ಒರೆಸಿದಾಗ ಅಕ್ರಿಲಿಕ್‌ನಲ್ಲಿ ಹುಟ್ಟುವ ಸ್ಥಿರವಿದ್ಯುತ್ತು ಸಡಿಲವಾದ ಬಣ್ಣದ ಪುಡಿಯನ್ನು ಸೆಳೆದುಕೊಳ್ಳುತ್ತದೆ.

ಮೈಸೂರು ಶೈಲಿಯ ಚಿತ್ರ: ಒಂದು ನಿದರ್ಶನ

ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಸಾಂಪ್ರದಾಯಿಕ ಮೈಸೂರು ಚಿತ್ರಗಳಲ್ಲಿ ಆಭರಣ, ಕಿರೀಟ, ಸೆರಗಿನ ಅಂಚುಗಳನ್ನು ಜೆಸ್ಸೊ ಲೇಪದಿಂದ ಉಬ್ಬಿಸಿ, ಮೇಲೆ ಚಿನ್ನದ ರೇಕನ್ನು ಅಂಟಿಸಿರುತ್ತಾರೆ. ಈ ಉಬ್ಬು ತಂಜಾವೂರು ಶೈಲಿಯದಕ್ಕಿಂತ ತುಂಬ ತೆಳು. ತೆಳುವಾದರೂ ಗಾಜು ಅದಕ್ಕೆ ತಾಗಬಾರದು. ತಾಗಿದರೆ ರೇಕು ಸವೆಯುತ್ತದೆ, ತೇವದ ದಿನಗಳಲ್ಲಿ ಗಾಜಿಗೇ ಅಂಟಿಕೊಳ್ಳುವ ಅಪಾಯವೂ ಇದೆ. ಆದ್ದರಿಂದ ಎರಡು ಪದರದ ಮೌಂಟನ್ನಾಗಲಿ, ಪಟ್ಟಿಯ ಮರೆಯಲ್ಲಿ ಕೂರುವ ಸಣ್ಣ ಅಡ್ಡಪಟ್ಟಿಯನ್ನಾಗಲಿ ಕೊಟ್ಟು ನಡುವೆ ಅಂತರ ಉಳಿಸಬೇಕು.

ಈ ಅಂತರದಿಂದ ಇನ್ನೊಂದು ನಿರ್ಬಂಧ ಹುಟ್ಟುತ್ತದೆ. ಪ್ರತಿಫಲನ ತಡೆಯಲು ಮಾರುವ ಮಸುಕು ಮೇಲ್ಮೈಯ ಗಾಜು ಚಿತ್ರದಿಂದ ದೂರ ಸರಿದಷ್ಟೂ ಗೆರೆಗಳನ್ನು ಮಬ್ಬಾಗಿಸುತ್ತದೆ. ಕಣ್ಣಿನ ರೆಪ್ಪೆಯನ್ನೂ ಬಿಡಿಬಿಡಿಯಾಗಿ ಬರೆಯುವ ಈ ಶೈಲಿಗೆ ಅದು ದೊಡ್ಡ ನಷ್ಟ. ಪ್ರತಿಫಲನ ತಡೆಯುವ ಲೇಪನವಿರುವ ಪಾರದರ್ಶಕ ಗಾಜು ದುಬಾರಿಯಾದರೂ ಉತ್ತಮ. ಅದು ಎಟುಕದಿದ್ದರೆ ಸಾದಾ ಗಾಜೇ ಸಾಕು. ಹೊರಪಟ್ಟಿಗೆ ಕೆತ್ತನೆಯಿಲ್ಲದ, ಕಿರಿದಾದ ತೇಗ ಚೆನ್ನಾಗಿ ಒಪ್ಪುತ್ತದೆ. ಚಿತ್ರದೊಳಗೇ ಚಿನ್ನವಿರುವಾಗ ಚಿನ್ನದ ಬಣ್ಣದ ಅಗಲ ಪಟ್ಟಿ ಅದರೊಂದಿಗೆ ಪೈಪೋಟಿಗೆ ಇಳಿಯುತ್ತದೆ.

ಮೌಂಟ್ ಮತ್ತು ಹಿಂಬದಿ

ಹಳೆಯ ಕಟ್ಟುಗಳಲ್ಲಿ ಚಿತ್ರದ ಸುತ್ತ, ಮೌಂಟಿನ ಕತ್ತರಿಸಿದ ಅಂಚಿಗೆ ಸರಿಯಾಗಿ, ಕಂದು ಗೆರೆಯೊಂದು ಕಾಣುವುದುಂಟು. ಅಗ್ಗದ ರಟ್ಟಿನಲ್ಲಿರುವ ಆಮ್ಲ ಕಾಗದವನ್ನು ಸುಟ್ಟ ಗುರುತು ಅದು. ಆಮ್ಲರಹಿತ ಬೋರ್ಡನ್ನೇ ಕೇಳಿ ಹಾಕಿಸುವುದು ಇದಕ್ಕೆ ಪರಿಹಾರ. ಹಾರ್ಡ್‌ಬೋರ್ಡ್ ಹಲಗೆಯಿಂದಲೂ ಆಮ್ಲ ಹೊಮ್ಮುವುದರಿಂದ ಅದಕ್ಕೂ ಚಿತ್ರಕ್ಕೂ ನಡುವೆ ಇದೇ ಬೋರ್ಡಿನ ಪದರವಿರಬೇಕು.

ಚಿತ್ರವನ್ನು ಸೆಲ್ಲೊಟೇಪಿನಿಂದಾಗಲಿ ಫೆವಿಕಾಲಿನಿಂದಾಗಲಿ ಅಂಟಿಸಬಾರದು. ಮೊದಲನೆಯದು ಹಳದಿ ಕಲೆ ಬಿಡುತ್ತದೆ. ಎರಡನೆಯದನ್ನು ಮತ್ತೆ ಬಿಡಿಸಲಾಗದು. ಮೇಲಂಚಿನ ಎರಡು ಕಡೆ ಮಾತ್ರ ತೆಳುಕಾಗದದ ತುಂಡುಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ ಚಿತ್ರವನ್ನು ಇಳಿಬಿಡುವುದು ಸಂರಕ್ಷಕರ ಕ್ರಮ. ಹವೆಗೆ ತಕ್ಕಂತೆ ಕಾಗದ ಹಿಗ್ಗಿ ಕುಗ್ಗಲು ಆಗ ಎಡೆ ಸಿಗುತ್ತದೆ.

ಗೋಡೆ, ಬೆಳಕು, ಮಳೆಗಾಲ

ಜಲವರ್ಣದಂಥ ಸೂಕ್ಷ್ಮ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಬೆಳಕನ್ನು ಸುಮಾರು 50 ಲಕ್ಸ್‌ಗೆ ಮಿತಗೊಳಿಸುತ್ತವೆ. ಮನೆಯಲ್ಲಿ ಅಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲ, ಆದರೆ ನೇರ ಬಿಸಿಲು ಬೀಳುವ ಗೋಡೆಯನ್ನು ಬಿಡಬಹುದು. ನೇರಳಾತೀತ ಕಿರಣ ತಡೆಯುವ ಗಾಜು ಬಣ್ಣ ಮಾಸುವುದನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂ.ಮೀ. ಎತ್ತರದಲ್ಲಿದ್ದರೆ ನಿಂತು ನೋಡುವವರಿಗೆ ಅನುಕೂಲ. ಕುಳಿತು ನೋಡುವ ಕೋಣೆಯಲ್ಲಿ ಇನ್ನಷ್ಟು ಕೆಳಗಿರಲಿ.

ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಮಳೆ ಬಡಿಯುವ ಹೊರಗೋಡೆ ಚಿತ್ರಕ್ಕೆ ತಕ್ಕ ಸ್ಥಳವಲ್ಲ. ಒಳಗೋಡೆಯಲ್ಲೂ ಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಕಾರ್ಕಿನ ಚೂರು ಅಂಟಿಸಿದರೆ ಗಾಳಿಯಾಡುತ್ತದೆ. ಮಳೆಗಾಲ ಮುಗಿದ ಮೇಲೆ ಚಿತ್ರವನ್ನು ಒಮ್ಮೆ ಇಳಿಸಿ ಹಿಂಬದಿ ಪರೀಕ್ಷಿಸಬೇಕು. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಬೂಷ್ಟು ಹಿಡಿಯುವ ಮೊದಲೇ ಕಟ್ಟನ್ನು ಬಿಚ್ಚಿಸಿ, ಚಿತ್ರವನ್ನು ನೆರಳಿನಲ್ಲಿ ಒಣಗಲು ಬಿಡಬೇಕು.