ರನ್ನಿಂಗ್-ಇನ್ (ಆಟೊಮ್ಯಾಟಿಕ್ ಕಾರು)

ಹೊಸ ಕಾರಿನ ಬಿಡಿಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವ ಆರಂಭದ ಓಟ. ಸಾಮಾನ್ಯವಾಗಿ ಮೊದಲ 1,000ದಿಂದ 1,500 ಕಿ.ಮೀ. ಸಿಲಿಂಡರಿನ ಒಳಗೋಡೆಯ ಮೇಲೆ ಕಾರ್ಖಾನೆಯಲ್ಲೇ ಎಳೆದ, ಒಂದನ್ನೊಂದು ಅಡ್ಡಹಾಯುವ ನವಿರು ಗೀರುಗಳಿರುತ್ತವೆ. ಅವು ಎಣ್ಣೆಯನ್ನು ಹಿಡಿದಿಡುತ್ತವೆ. ಪಿಸ್ಟನ್ ರಿಂಗುಗಳು ಅವುಗಳ ಏಣು ಸವೆಸಿ ಗೋಡೆಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ. ಆಟೊಮ್ಯಾಟಿಕ್‌ನಲ್ಲಿ ಗೇರನ್ನು ಯಂತ್ರವೇ ಆರಿಸುವುದರಿಂದ ಚಾಲಕನ ಹಿಡಿತದಲ್ಲಿ ಮುಖ್ಯವಾಗಿ ಉಳಿಯುವುದು ಆಕ್ಸಲರೇಟರ್. ಅದನ್ನು ಪೂರ್ತಿ ಅದುಮಿದರೆ ಗೇರ್ ತಟ್ಟನೆ ಕೆಳಗಿಳಿದು ಎಂಜಿನ್ ಅಬ್ಬರಿಸುತ್ತದೆ. ಈ ಹಂತದಲ್ಲಿ ಅದು ಖಂಡಿತ ಸಲ್ಲದು. ಹೆದ್ದಾರಿಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿಸುವುದೂ ತಪ್ಪು. ಘಾಟಿ ಇಳಿಯುವಾಗ ಮ್ಯಾನ್ಯುಯಲ್ ಮೋಡ್‌ನಲ್ಲಿ ಕೆಳಗಿನ ಗೇರ್ ಹಿಡಿದರೆ ಹೊಸ ಬ್ರೇಕ್ ಪ್ಯಾಡುಗಳ ಮೇಲಿನ ಭಾರ ತಗ್ಗುತ್ತದೆ. ಕೊನೆಯ ಮಾತು ಆಯಾ ಕಾರಿನ ಕೈಪಿಡಿಯದು.