ಪೊಲೀಸ್ ಟ್ರಾಮಾ ಕಿಟ್

ಗುಂಡೇಟು, ಇರಿತ, ಸ್ಫೋಟ ಅಥವಾ ವಾಹನ ಅಪಘಾತದಿಂದಾದ ಪ್ರಾಣಾಂತಿಕ ರಕ್ತಸ್ರಾವವನ್ನು ಆಂಬ್ಯುಲೆನ್ಸ್ ಬರುವ ಮೊದಲೇ ತಡೆಯಲು ಪೊಲೀಸರು ಮೈಮೇಲೆ ಧರಿಸುವ ಕಿರು ಚಿಕಿತ್ಸಾ ಚೀಲ. ಅಮೆರಿಕದ ಸೇನೆ ಪ್ರತಿ ಸೈನಿಕನಿಗೂ ಕೊಡುವ ಐಫ್ಯಾಕ್ ಎಂಬ ಚೀಲದಿಂದ ಇದು ಬೆಳೆದು ಬಂತು. 2010ರ ದಶಕದಲ್ಲಿ ಆ ದೇಶದ ಪೊಲೀಸ್ ಇಲಾಖೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಠಾಣೆಯ ಗೋಡೆಯಲ್ಲಿ ತೂಗುವ ಪ್ರಥಮ ಚಿಕಿತ್ಸೆ ಪೆಟ್ಟಿಗೆಗೂ ಇದಕ್ಕೂ ಸಂಬಂಧ ಕಡಿಮೆ. ಬ್ಯಾಂಡೇಡ್, ಟಿಂಚರ್, ನೋವಿನ ಮಾತ್ರೆ ಯಾವುದೂ ಇದರಲ್ಲಿ ಇರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಜೀವ ತೆಗೆಯಬಲ್ಲ ಗಾಯಕ್ಕೆ ಬೇಕಾದ ನಾಲ್ಕೈದು ಸಾಮಾನು ಮಾತ್ರ ಇರುತ್ತವೆ. ಹೀಗಾಗಿ ಕಿಟ್ ಆರಿಸುವಾಗ ಎರಡು ವಿಷಯಗಳನ್ನು ಮೊದಲು ನೋಡಬೇಕು: ಇಡೀ ಪಾಳಿ ಮುಗಿಯುವವರೆಗೂ ಕಳಚಿಡದೆ ತೊಟ್ಟುಕೊಂಡಿರುವಷ್ಟು ಅದು ಚಿಕ್ಕದಾಗಿದೆಯೇ, ಮತ್ತು ಗಾಯಗೊಂಡ ಪೊಲೀಸರೇ ಒಂದೇ ಕೈಯಲ್ಲಿ ಅದನ್ನು ತೆಗೆದು ಬಳಸಬಲ್ಲರೇ.

ಹಿನ್ನೆಲೆ

ತೊಡೆಯ ದೊಡ್ಡ ಅಪಧಮನಿ ಪೂರ್ತಿ ಕತ್ತರಿಸಿಹೋದರೆ ಮನುಷ್ಯ ಐದು ನಿಮಿಷದೊಳಗೆ ಸಾಯಬಹುದು. ಎಷ್ಟೇ ಸಜ್ಜಾದ ನಗರದಲ್ಲೂ ಆಂಬ್ಯುಲೆನ್ಸ್ ಅಷ್ಟರೊಳಗೆ ತಲುಪುತ್ತದೆಂಬ ಭರವಸೆಯಿಲ್ಲ. ಬಂದೂಕುಧಾರಿ ಇನ್ನೂ ಒಳಗಿದ್ದರೆ ವೈದ್ಯಕೀಯ ಸಿಬ್ಬಂದಿಯನ್ನು ಹತ್ತಿರಕ್ಕೇ ಬಿಡುವುದಿಲ್ಲ. 1999ರ ಏಪ್ರಿಲ್ 20ರಂದು ಕೊಲರಾಡೊದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಆದದ್ದು ಇದೇ. ಪೊಲೀಸರು ಅಂದಿನ ಪದ್ಧತಿಯಂತೆ ಕಟ್ಟಡವನ್ನು ಸುತ್ತುವರಿದು ವಿಶೇಷ ಪಡೆಗಾಗಿ ಕಾದರು. ಒಳಗೆ ಒಬ್ಬ ಶಿಕ್ಷಕರು ಗುಂಡೇಟಿನಿಂದ ಮೂರು ಗಂಟೆಗೂ ಹೆಚ್ಚು ಕಾಲ ರಕ್ತ ಕಳೆದುಕೊಳ್ಳುತ್ತಿದ್ದರು. ಒಬ್ಬರು ರಕ್ತ ಸೋರಿ ಸಾಯುತ್ತಿದ್ದಾರೆ ಎಂದು ಬರೆದ ಫಲಕವನ್ನು ಆ ಕೋಣೆಯ ಕಿಟಕಿಯಲ್ಲಿ ಹೊರಗಿನವರಿಗೆ ಕಾಣುವಂತೆ ಇಡಲಾಗಿತ್ತು. ನೆರವು ತಲುಪುವಷ್ಟರಲ್ಲಿ ತಡವಾಗಿತ್ತು. ಇದಾದ ಮೇಲೆ ಮೊದಲು ಬಂದ ಪೊಲೀಸರೇ ಒಳನುಗ್ಗಬೇಕೆಂಬ ಪದ್ಧತಿ ಬಂತು. ಒಳಗೆ ಹೋದವರ ಕೈಯಲ್ಲಿ ಗಾಯಾಳುವಿಗೆ ಬೇಕಾದದ್ದೂ ಇರಬೇಕೆಂಬ ಅರಿವು ಬರಲು ಮಾತ್ರ ಇನ್ನೂ ಹತ್ತು ವರ್ಷ ಹಿಡಿಯಿತು.

ಆ ಅರಿವು ಬಂದದ್ದು ಯುದ್ಧಭೂಮಿಯಿಂದ. ವಿಯೆಟ್ನಾಂ ಯುದ್ಧದ ಸಾವುಗಳನ್ನು ಆಧರಿಸಿ ಸೇನಾ ವೈದ್ಯ ರೊನಾಲ್ಡ್ ಬೆಲ್ಲಮಿ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರಳ ಚಿಕಿತ್ಸೆಯಿಂದ ತಪ್ಪಿಸಬಹುದಾಗಿದ್ದ ಸಾವುಗಳಲ್ಲಿ ಹೆಚ್ಚಿನವು ಕೈಕಾಲುಗಳ ರಕ್ತಸ್ರಾವದಿಂದ ಆದವು. ಎದೆಗೂಡಿನಲ್ಲಿ ಗಾಳಿ ಸಿಕ್ಕಿಕೊಂಡು ಶ್ವಾಸಕೋಶ ಕುಗ್ಗುವುದು ಎರಡನೆಯ ಕಾರಣ, ಉಸಿರುದಾರಿ ಕಟ್ಟುವುದು ಮೂರನೆಯದು. 1996ರಲ್ಲಿ ಫ್ರಾಂಕ್ ಬಟ್ಲರ್ ಮತ್ತು ಸಂಗಡಿಗರು ಇದನ್ನು ಆಧಾರವಾಗಿಟ್ಟುಕೊಂಡು ಟಿಸಿಸಿಸಿ ಎಂಬ ರಣಾಂಗಣ ಚಿಕಿತ್ಸಾ ಮಾರ್ಗಸೂಚಿಯನ್ನು ರೂಪಿಸಿದರು. ಇಂದಿನ ಕಿಟ್‌ನಲ್ಲಿರುವ ಹೆಚ್ಚುಕಡಿಮೆ ಎಲ್ಲ ಸಾಮಾನೂ ಆ ಮಾರ್ಗಸೂಚಿಯ ಮೂಲಕವೇ ಬಂದವು.

ರಕ್ತ ಹರಿಯದಂತೆ ಕೈಕಾಲನ್ನು ಬಿಗಿಯುವ ಪಟ್ಟಿಯಾದ ಟೂರ್ನಿಕೆಟ್ ಕಟ್ಟಿದರೆ ಕೈಕಾಲು ಕೊಳೆತು ಕತ್ತರಿಸಬೇಕಾಗುತ್ತದೆ, ಆದ್ದರಿಂದ ಅದು ಕಟ್ಟಕಡೆಯ ಉಪಾಯ ಎಂದೇ ಅದುವರೆಗೆ ಪ್ರಥಮ ಚಿಕಿತ್ಸೆಯ ತರಗತಿಗಳಲ್ಲಿ ಕಲಿಸುತ್ತಿದ್ದರು. ಇರಾಕ್ ಯುದ್ಧದ ವೇಳೆ ಬಾಗ್ದಾದಿನ ಸೇನಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಜಾನ್ ಕ್ರಾಗ್ ನಡೆಸಿದ ಅಧ್ಯಯನ ಈ ಭಯವನ್ನು ಅಳಿಸಿತು. ಟೂರ್ನಿಕೆಟ್ ಬಳಸಿದ 232 ಗಾಯಾಳುಗಳಲ್ಲಿ, ಅದೊಂದೇ ಕಾರಣಕ್ಕೆ ಕೈಯನ್ನೋ ಕಾಲನ್ನೋ ಕಳೆದುಕೊಂಡವರು ಇರಲಿಲ್ಲ. ರಕ್ತ ಕಳೆದುಕೊಂಡು ಶಾಕ್‌ಗೆ ಜಾರುವ ಮೊದಲೇ ಪಟ್ಟಿ ಬಿಗಿದವರಲ್ಲಿ ಶೇ. 90ರಷ್ಟು ಜನ ಬದುಕಿದರೆ, ಆಮೇಲೆ ಬಿಗಿದವರಲ್ಲಿ ಬದುಕಿದವರು ಶೇ. 10ರಷ್ಟು ಮಾತ್ರ. ಪೊಲೀಸರ ಮೈಮೇಲೆ ಕಿಟ್ ಏಕಿರಬೇಕು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಾಗಿಲ್ಲ.

ಪೊಲೀಸರಲ್ಲಿ ಈ ಕಿಟ್‌ಗೆ ಹೆಸರು ತಂದದ್ದು 2011ರ ಜನವರಿ 8ರ ಘಟನೆ. ಅರಿಜೋನಾದ ಟೂಸಾನ್ ಬಳಿ, ಸೂಪರ್‌ಮಾರ್ಕೆಟ್ ಒಂದರ ಮುಂದೆ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಜನರೊಂದಿಗೆ ಮಾತನಾಡುತ್ತಿದ್ದಾಗ ಬಂದೂಕುಧಾರಿಯೊಬ್ಬ ಗುಂಡು ಹಾರಿಸಿದ. ಆರು ಜನ ಸತ್ತರು. ಮೊದಲು ಬಂದ ಪೀಮಾ ಕೌಂಟಿ ಷೆರಿಫ್ ಇಲಾಖೆಯ ಡೆಪ್ಯುಟಿಗಳ ಬಳಿ, ತಮ್ಮದೇ ವಿಶೇಷ ಪಡೆಯ ವೈದ್ಯಕೀಯ ಸಹಾಯಕರೊಬ್ಬರು ಜೋಡಿಸಿದ್ದ ಕಂದು ಬಣ್ಣದ ಪುಟ್ಟ ಚೀಲಗಳಿದ್ದವು. ಒಂದೊಂದರ ಬೆಲೆ 99 ಡಾಲರ್. ಟೂರ್ನಿಕೆಟ್, ರಕ್ತ ಹೆಪ್ಪುಗಟ್ಟಿಸುವ ಗಾಜ್, ಒತ್ತುಪಟ್ಟಿ, ಎದೆಗಾಯದ ಮುಚ್ಚಳ, ಕತ್ತರಿ ಅದರಲ್ಲಿದ್ದವು. ಬಳಸುವ ತರಬೇತಿಯೂ ಅವರಿಗೆ ಆಗಲೇ ಸಿಕ್ಕಿತ್ತು. ಅವರು ಅಲ್ಲೇ ಮಾಡಿದ ಚಿಕಿತ್ಸೆ ಇಲ್ಲದಿದ್ದರೆ ಸಾವು ಇನ್ನೂ ಹೆಚ್ಚುತ್ತಿತ್ತು ಎಂದು ಆಸ್ಪತ್ರೆಯ ವೈದ್ಯರು ಹೇಳಿದರು.

ಇದಕ್ಕೆ ತದ್ವಿರುದ್ಧ ಚಿತ್ರ 2013ರ ಏಪ್ರಿಲ್ 15ರ ಬಾಸ್ಟನ್ ಮ್ಯಾರಥಾನ್ ಸ್ಫೋಟದಲ್ಲಿ ಕಂಡಿತು. ಅಲ್ಲಿ ಕೈಕಾಲುಗಳಿಗೆ ಕಟ್ಟಿದ 27 ಟೂರ್ನಿಕೆಟ್‌ಗಳೂ ಸ್ಥಳದಲ್ಲೇ ಕೈಗೆ ಸಿಕ್ಕಿದ್ದರಿಂದ ಮಾಡಿಕೊಂಡವು ಎಂದು ಮುಂದೆ ನಡೆದ ಅಧ್ಯಯನ ತಿಳಿಸಿತು. ಇಂಥ ಕಟ್ಟುಗಳಲ್ಲಿ ಹೆಚ್ಚಿನವು ಹಿಂದಿರುಗುವ ರಕ್ತವನ್ನು ಮಾತ್ರ ತಡೆದು, ಹರಿದು ಬರುವ ರಕ್ತವನ್ನು ಬಿಡುತ್ತವೆ. ಆಗ ಸ್ರಾವ ಇನ್ನೂ ಹೆಚ್ಚುತ್ತದೆ. ಅದೇ ತಿಂಗಳು ಅಮೆರಿಕದ ಶಸ್ತ್ರವೈದ್ಯರ ಕಾಲೇಜಿನ ಪರವಾಗಿ ಲೆನ್‌ವರ್ತ್ ಜೇಕಬ್ಸ್ ನೇತೃತ್ವದಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಸೇರಿದ ತಜ್ಞರು, ರಕ್ತಸ್ರಾವ ತಡೆಯುವುದು ಪೊಲೀಸರ ಕರ್ತವ್ಯದ ಭಾಗವೇ ಆಗಬೇಕೆಂದರು. 2015ರ ಅಕ್ಟೋಬರಿನಲ್ಲಿ ಶ್ವೇತಭವನ ಆರಂಭಿಸಿದ ಸ್ಟಾಪ್ ದ ಬ್ಲೀಡ್ ಅಭಿಯಾನ ಅದನ್ನು ಜನಸಾಮಾನ್ಯರಿಗೂ ಒಯ್ಯಿತು.

ಟೂರ್ನಿಕೆಟ್

ಕಿಟ್‌ನಲ್ಲಿ ಒಂದೇ ಒಂದು ವಸ್ತುವಿಗೆ ಜಾಗವಿದ್ದರೆ ಅದು ಟೂರ್ನಿಕೆಟ್ ಆಗಿರಬೇಕು. ಹೆಚ್ಚು ಬಳಕೆಯಲ್ಲಿರುವುದು ಕ್ಯಾಟ್ ಎಂಬ ಮಾದರಿ. ಸುಮಾರು 3.8 ಸೆಂಟಿಮೀಟರ್ ಅಗಲದ ಪಟ್ಟಿ, ಅದಕ್ಕೊಂದು ತಿರುಗಿಸುವ ಕಡ್ಡಿ, ಕಡ್ಡಿಯನ್ನು ಹಿಡಿದಿಡುವ ಕೊಂಡಿ. ಇಷ್ಟೇ ಅದರ ರಚನೆ. ತೂಕ ನೂರು ಗ್ರಾಮಿಗಿಂತ ಕಡಿಮೆ. ಲೋಹದ ಕಡ್ಡಿಯಿರುವ ಸಾಫ್ಟ್-ಡಬ್ಲ್ಯು ಮಾದರಿಯೂ ಅಷ್ಟೇ ವಿಶ್ವಾಸಾರ್ಹ. ಅದನ್ನು ಹೆಚ್ಚು ಚಪ್ಪಟೆಯಾಗಿ ಮಡಚಬಹುದು.

ಬಳಸುವ ಕ್ರಮ ಸರಳ, ಆದರೆ ತಪ್ಪಲು ಅವಕಾಶವಿದೆ. ಗಾಯಕ್ಕಿಂತ ಐದಾರು ಸೆಂಟಿಮೀಟರ್ ಮೇಲೆ, ಮೊಣಕಾಲು ಮೊಣಕೈಗಳ ಕೀಲನ್ನು ಬಿಟ್ಟು ಪಟ್ಟಿ ಸುತ್ತಬೇಕು. ಗುಂಡು ಹಾರುತ್ತಲೇ ಇದ್ದು ಗಾಯ ಹುಡುಕಲು ಸಮಯವಿಲ್ಲದಿದ್ದರೆ ಬಟ್ಟೆಯ ಮೇಲೆಯೇ, ಕೈ ಅಥವಾ ಕಾಲಿನ ಬುಡದಲ್ಲಿ ಸುತ್ತಬೇಕು. ಪಟ್ಟಿಯ ಕೆಳಗೆ ಜೇಬಿನ ಫೋನು, ಬೀಗದ ಕೈ ಸಿಕ್ಕಿಕೊಂಡರೆ ಒತ್ತಡ ಮಾಂಸಖಂಡಕ್ಕೆ ತಲುಪುವುದಿಲ್ಲ. ಪಟ್ಟಿಯನ್ನು ಮೊದಲು ಕೈಯಲ್ಲೇ ಬಲವಾಗಿ ಎಳೆದು, ಅಡಿಗೆ ಬೆರಳು ತೂರದಷ್ಟು ಬಿಗಿ ಮಾಡಬೇಕು. ಇಲ್ಲಿ ಸಡಿಲ ಉಳಿಸಿ ಕಡ್ಡಿ ತಿರುಗಿಸಲು ಹೊರಡುವುದೇ ಹೊಸಬರು ಮಾಡುವ ದೊಡ್ಡ ತಪ್ಪು. ಆಮೇಲೆ ರಕ್ತ ನಿಲ್ಲುವವರೆಗೆ ಕಡ್ಡಿ ತಿರುಗಿಸಿ, ಕೊಂಡಿಗೆ ಸಿಕ್ಕಿಸಿ, ಕಟ್ಟಿದ ವೇಳೆಯನ್ನು ಮಾರ್ಕರಿನಲ್ಲಿ ಬರೆಯಬೇಕು. ಗಾಯಾಳು ನೋವಿನಿಂದ ಚೀರುತ್ತಾನೆ. ಸರಿಯಾಗಿ ಬಿಗಿದಾಗಲೂ ಆ ನೋವು ಇದ್ದೇ ಇರುತ್ತದೆ, ಅದಕ್ಕೆ ಮರುಗಿ ಸಡಿಲಿಸಬಾರದು. ಒಂದರಿಂದ ನಿಲ್ಲದಿದ್ದರೆ ಪಕ್ಕದಲ್ಲೇ ಮತ್ತೊಂದು. ದಪ್ಪ ತೊಡೆಗೆ ಎರಡು ಬೇಕಾಗುವುದು ಅಪರೂಪವಲ್ಲ, ಆದ್ದರಿಂದ ಬಹಳಷ್ಟು ತರಬೇತುದಾರರು ಎರಡನ್ನು ಇಟ್ಟುಕೊಳ್ಳಲು ಹೇಳುತ್ತಾರೆ.

ನಕಲಿಗಳ ಬಗ್ಗೆ ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಅಸಲಿ ಕ್ಯಾಟ್‌ಗೆ ಅಮೆರಿಕದಲ್ಲಿ ಸುಮಾರು 30 ಡಾಲರ್ ಬೆಲೆಯಿದೆ. ಆನ್‌ಲೈನ್ ಮಳಿಗೆಗಳಲ್ಲಿ ಅದರ ಕಾಲುಭಾಗದ ಬೆಲೆಗೆ, ನೋಡಲು ಥೇಟ್ ಹಾಗೇ ಇರುವ ನಕಲಿಗಳು ಸಿಗುತ್ತವೆ. ಅವುಗಳ ಕಡ್ಡಿ ತಿರುಗಿಸುವಾಗ ಬಾಗುತ್ತದೆ ಅಥವಾ ಮುರಿಯುತ್ತದೆ. ತಯಾರಕರಿಂದ ಅಥವಾ ಅವರ ಅಧಿಕೃತ ಮಾರಾಟಗಾರರಿಂದ ಮಾತ್ರ ಕೊಳ್ಳುವುದು, ಟಿಸಿಸಿಸಿ ಸಮಿತಿ ಶಿಫಾರಸು ಮಾಡಿದ ಪಟ್ಟಿಯಲ್ಲಿ ಆ ಮಾದರಿ ಇದೆಯೇ ಎಂದು ನೋಡುವುದು ಖರೀದಿಯ ಮೊದಲ ನಿಯಮ. ಹಣ ಉಳಿಸುವುದಾದರೆ ಚೀಲದಲ್ಲಿ ಉಳಿಸಬಹುದು, ಟೂರ್ನಿಕೆಟ್‌ನಲ್ಲಿ ಖಂಡಿತ ಕೂಡದು.

ಗಾಜ್ ಮತ್ತು ಒತ್ತುಪಟ್ಟಿ

ತೊಡೆಸಂದು, ಕಂಕುಳು, ಕುತ್ತಿಗೆಯ ಬುಡಗಳಲ್ಲಿ ಟೂರ್ನಿಕೆಟ್ ಕಟ್ಟಲಾಗದು. ಅಲ್ಲಿ ಗಾಯದೊಳಗೆ ಗಾಜ್ ತುಂಬಿ ಒತ್ತಬೇಕು. ಇದಕ್ಕೆಂದೇ ರಕ್ತ ಬೇಗ ಹೆಪ್ಪುಗಟ್ಟಿಸುವ ಗಾಜ್ ಬಂದಿದೆ. ಕ್ವಿಕ್‌ಕ್ಲಾಟ್ ಎಂಬ ಉತ್ಪನ್ನ ಆರಂಭದಲ್ಲಿ ಜಿಯೊಲೈಟ್ ಖನಿಜದ ಹರಳುಗಳ ರೂಪದಲ್ಲಿತ್ತು. ರಕ್ತದ ನೀರಂಶ ಹೀರುವಾಗ ಅದು ಕಾದು ಸುತ್ತಲಿನ ಮಾಂಸವನ್ನೂ ಸುಡುತ್ತಿತ್ತು. ಅದರ ಈಗಿನ ರೂಪವಾದ ಕಾಂಬ್ಯಾಟ್ ಗಾಜ್‌ನಲ್ಲಿ ಕಾವೊಲಿನ್ ಎಂಬ ಬಿಳಿ ಜೇಡಿಮಣ್ಣಿನ ಲೇಪವಿದೆ, ಅದು ಬಿಸಿಯಾಗುವುದಿಲ್ಲ. 2008ರಲ್ಲಿ ಟಿಸಿಸಿಸಿ ಇದನ್ನು ಶಿಫಾರಸು ಮಾಡಿತು. ಸಿಗಡಿಯಂಥ ಜೀವಿಗಳ ಚಿಪ್ಪಿನಿಂದ ತೆಗೆದ ಕೈಟೊಸಾನ್ ಲೇಪಿಸಿದ ಸೆಲಾಕ್ಸ್, ಕೈಟೊಗಾಜ್ ಕೂಡ ಚಾಲ್ತಿಯಲ್ಲಿವೆ.

ಲೇಪ ಯಾವುದೇ ಇರಲಿ, ಕೆಲಸ ಮಾಡುವುದು ಕೈಯ ಒತ್ತಡ. ಬೆರಳನ್ನು ಗಾಯದೊಳಗೆ ಇಳಿಸಿ ರಕ್ತ ಚಿಮ್ಮುವ ಜಾಗವನ್ನು ಹುಡುಕಿ, ಅದನ್ನು ಮೂಳೆಯ ಕಡೆಗೆ ಅದುಮಿ ಹಿಡಿದು, ಇನ್ನೊಂದು ಕೈಯಿಂದ ಗಾಜನ್ನು ಮಡಿಕೆ ಮಡಿಕೆಯಾಗಿ ಅಲ್ಲಿಗೇ ಒತ್ತುತ್ತ ಹೋಗಬೇಕು. ಗಾಯ ತುಂಬಿದ ಮೇಲೆ ಎರಡೂ ಅಂಗೈ ಊರಿ ಕನಿಷ್ಠ ಮೂರು ನಿಮಿಷ, ನಡುವೆ ಎತ್ತಿ ನೋಡದೆ, ಮೈಭಾರ ಬಿಟ್ಟು ಒತ್ತಬೇಕು. ಸಾದಾ ಗಾಜ್ ಕೂಡ ಹೀಗೆ ಬಳಸಿದರೆ ಪ್ರಯೋಜನಕ್ಕೆ ಬರುತ್ತದೆ. ಬಜೆಟ್ ಕಡಿಮೆಯಿರುವ ಇಲಾಖೆ ಇದನ್ನು ನೆನಪಿಡಬೇಕು. ಎದೆ ಮತ್ತು ಹೊಟ್ಟೆಯ ಗಾಯಕ್ಕೆ ಗಾಜ್ ತುರುಕಬಾರದು. ಗಾಜ್ ಕೊಳ್ಳುವಾಗ ಸುರುಳಿಯ ಬದಲು ಒಂದರ ಮೇಲೊಂದು ಮಡಚಿ ನಿರ್ವಾತ ಪೊಟ್ಟಣದಲ್ಲಿ ಮುಚ್ಚಿದ್ದನ್ನು ಆರಿಸಬೇಕು. ಅದು ಚಪ್ಪಟೆಯಾಗಿರುತ್ತದೆ, ರಕ್ತ ಮೆತ್ತಿದ ಬೆರಳುಗಳಿಂದಲೂ ಉರುಳಿಹೋಗುವುದಿಲ್ಲ.

ತುಂಬಿದ ಗಾಜನ್ನು ಹಿಡಿದಿಡಲು ಒತ್ತುಪಟ್ಟಿ ಬೇಕು. ಇಸ್ರೇಲಿನ ಸೇನೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದ ಬರ್ನಾರ್ಡ್ ಬಾರ್-ನಾಟನ್ ರೂಪಿಸಿದ ಪಟ್ಟಿ ಜಗತ್ತಿನಾದ್ಯಂತ ಇಸ್ರೇಲಿ ಬ್ಯಾಂಡೇಜ್ ಎಂದೇ ಪ್ರಸಿದ್ಧ. ಅದರಲ್ಲಿರುವ ಪ್ಲಾಸ್ಟಿಕ್ ತುಂಡು ಪಟ್ಟಿಯನ್ನು ತಿರುವಿ ಎಳೆದಾಗ ನೇರ ಗಾಯದ ಮೇಲೆ ಒತ್ತುತ್ತದೆ. ಕಿರು ಕಿಟ್‌ಗೆ ನಾಲ್ಕು ಅಂಗುಲದ ಅಳತೆ ಸಾಕು.

ಎದೆಗಾಯದ ಮುಚ್ಚಳ

ಎದೆಗೆ ತೂತಾದರೆ ಉಸಿರೆಳೆದಾಗಲೆಲ್ಲ ಹೊರಗಿನ ಗಾಳಿ ಒಳಹೊಕ್ಕು ಶ್ವಾಸಕೋಶವನ್ನು ಕುಗ್ಗಿಸುತ್ತದೆ. ಅಂಟುವ ಮುಚ್ಚಳ ಇದನ್ನು ತಡೆಯುತ್ತದೆ. ಒಳಗೆ ಸೇರಿದ ಗಾಳಿ ಹೊರಹೋಗಲು ಕಿಂಡಿಯಿರುವ ಮುಚ್ಚಳವೇ ಈಗ ಶಿಫಾರಸಾಗಿರುವುದು. ಗುಂಡು ಹೊಕ್ಕ ತೂತಿಗೊಂದು, ಹೊರಬಿದ್ದ ತೂತಿಗೊಂದು ಬೇಕು. ಆದ್ದರಿಂದ ಎರಡು ಮುಚ್ಚಳಗಳ ಪೊಟ್ಟಣವನ್ನೇ ಕೊಳ್ಳಬೇಕು. ಬೆವರು ಮತ್ತು ರಕ್ತವನ್ನು ಒರೆಸದೆ ಅಂಟಿಸಿದರೆ ಒಳ್ಳೆಯ ಕಂಪನಿಯದೂ ಕಿತ್ತುಬರುತ್ತದೆ.

ಉಳಿದವು ಮತ್ತು ಬಿಡಬೇಕಾದವು

ನೈಟ್ರೈಲ್ ಕೈಗವಸು, ಬಟ್ಟೆ ಕತ್ತರಿಸುವ ಮೊಂಡುತುದಿಯ ಕತ್ತರಿ, ಮಾರ್ಕರ್ ಇವು ಸೇರಿದರೆ ಕಿಟ್ ಪೂರ್ತಿಯಾಗುತ್ತದೆ. ಎದೆಯ ಗಾಳಿ ತೆಗೆಯುವ ದಪ್ಪ ಸೂಜಿ ಸೈನಿಕರ ಕಿಟ್‌ನಲ್ಲಿದೆ ಎಂದು ಪೊಲೀಸ್ ಕಿಟ್‌ನಲ್ಲೂ ಇಡುವುದನ್ನು ಒಪ್ಪಲಾಗದು. ಹೆಚ್ಚಿನ ಕಡೆ ಸಾಮಾನ್ಯ ಪೊಲೀಸರಿಗೆ ಅದನ್ನು ಬಳಸುವ ಅಧಿಕಾರವೂ ಇಲ್ಲ, ಅಭ್ಯಾಸವೂ ಇಲ್ಲ. ಮೂಗಿನೊಳಗೆ ಇಳಿಸುವ ಉಸಿರುಕೊಳವೆಯ ಬಗ್ಗೆ ತಜ್ಞರಲ್ಲಿ ಭಿನ್ನಮತವಿದೆ. ಪ್ರಜ್ಞೆ ತಪ್ಪಿದವರನ್ನು ಮಗ್ಗುಲಾಗಿ ಮಲಗಿಸುವುದರಿಂದ ಅದರ ಬಹುಪಾಲು ಕೆಲಸ ಆಗುವುದರಿಂದ, ಜಾಗ ಕಡಿಮೆಯಿದ್ದಾಗ ಇದನ್ನೇ ಮೊದಲು ಕೈಬಿಡಬಹುದು. ಅಮೆರಿಕದ ಪೊಲೀಸರು ಮಾದಕವಸ್ತು ಅತಿಸೇವನೆಗೆ ಕೊಡುವ ನಲಾಕ್ಸೋನ್ ಸ್ಪ್ರೇಯನ್ನು ಒಯ್ಯುತ್ತಾರೆ, ಅದನ್ನು ಬೇರೆಯೇ ಇಡುವುದು ಒಳ್ಳೆಯದು.

ಎಲ್ಲಿ ಧರಿಸಬೇಕು

ಪೊಲೀಸರ ಸೊಂಟಪಟ್ಟಿಯಲ್ಲಿ ಪಿಸ್ತೂಲು, ಗುಂಡಿನ ಮ್ಯಾಗಜೀನ್, ಬೇಡಿ, ರೇಡಿಯೊ, ಟೇಸರ್, ಟಾರ್ಚ್ ಆಗಲೇ ತುಂಬಿರುತ್ತವೆ. ಸೊಂಟದ ಸುತ್ತಳತೆ ಕಡಿಮೆಯಿರುವವರಿಗೆ, ಅದರಲ್ಲೂ ಅನೇಕ ಮಹಿಳಾ ಸಿಬ್ಬಂದಿಗೆ, ಮುಷ್ಟಿಯಷ್ಟು ಜಾಗವೂ ಉಳಿದಿರುವುದಿಲ್ಲ. ಇದಕ್ಕೆ ಪರಿಹಾರವಾಗಿ ಪಾದದ ಗಂಟಿನ ಮೇಲೆ ಪ್ಯಾಂಟಿನೊಳಗೆ ಸುತ್ತುವ ಪಟ್ಟಿಯಂಥ ಕಿಟ್‌ಗಳು ಬಂದಿವೆ. ಕುಳಿತಾಗ, ಕಾರಿನೊಳಗೆ ಸಿಕ್ಕಿಕೊಂಡಾಗ ಅದು ಕೈಗೆ ಸಿಗುತ್ತದೆ, ಆದರೆ ಓಡುವಾಗ ಜಾರಬಹುದು. ಗುಂಡುನಿರೋಧಕ ಕವಚವನ್ನು ಅಂಗಿಯ ಮೇಲೆ ಧರಿಸುವವರಿಗೆ ಎದೆಯ ನಡುಭಾಗ ಅತ್ಯುತ್ತಮ, ಎರಡೂ ಕೈ ಅಲ್ಲಿಗೆ ಎಟುಕುತ್ತವೆ. ಇದ್ಯಾವುದೂ ಆಗದಿದ್ದರೆ ಟೂರ್ನಿಕೆಟ್ ಒಂದನ್ನಾದರೂ ಮೈಮೇಲಿಟ್ಟು ಉಳಿದದ್ದನ್ನು ವಾಹನದಲ್ಲಿಡಬಹುದು. ಪೂರ್ತಿ ಕಿಟ್ ವಾಹನದಲ್ಲೇ ಇದ್ದರೆ, ಐವತ್ತು ಮೀಟರ್ ದೂರದಲ್ಲಿ ಬಿದ್ದ ಪೊಲೀಸರಿಗೆ ಅದು ಇಲ್ಲದಂತೆಯೇ. ಇಡೀ ಇಲಾಖೆಯಲ್ಲಿ ಎಲ್ಲರೂ ಒಂದೇ ಜಾಗದಲ್ಲಿ ಧರಿಸುವುದು ಬಹಳ ಮುಖ್ಯ. ಗಾಯಗೊಂಡವರಿಗೆ ಅವರದೇ ಕಿಟ್ ಬಳಸುವುದು ರೂಢಿ. ಹುಡುಕುವ ಕೆಲಸ ಸಹೋದ್ಯೋಗಿಯ ಪಾಲಿಗೆ ಬರಬಾರದು.

ಟೂರ್ನಿಕೆಟ್‌ನ ಹೊರಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಮೊದಲೇ ತೆಗೆದು, ಕುಣಿಕೆ ಸಿದ್ಧವಾಗಿರುವಂತೆ ಮಡಚಿಡಬೇಕು. ವರ್ಷಗಟ್ಟಲೆ ಬಿಸಿಲು ದೂಳಿಗೆ ಒಡ್ಡಿದರೆ ಪಟ್ಟಿ, ಕಡ್ಡಿ, ವೆಲ್ಕ್ರೊ ಮೂರೂ ಸವೆಯುತ್ತವೆ. ಬಿಸಿಲಲ್ಲಿ ನಿಂತ ವಾಹನದ ಶಾಖ ಎದೆಮುಚ್ಚಳದ ಅಂಟನ್ನು ಹಾಳು ಮಾಡುತ್ತದೆ. ಅಭ್ಯಾಸಕ್ಕೆ ನೀಲಿ ಬಣ್ಣದ ಬೇರೆ ಟೂರ್ನಿಕೆಟ್ ಸಿಗುತ್ತದೆ. ಪದೇಪದೇ ಬಿಗಿದದ್ದು ದುರ್ಬಲವಾಗುವುದರಿಂದ ಕರ್ತವ್ಯಕ್ಕೆ ಅದನ್ನು ಒಯ್ಯಬಾರದು. ಅಭ್ಯಾಸ ಕತ್ತಲೆಯಲ್ಲಿ, ಎಡಗೈಯಲ್ಲಿ, ಕಾರಿನ ಸೀಟಿನಲ್ಲಿ ಕುಳಿತೂ ನಡೆಯಬೇಕು.

ಭಾರತದಲ್ಲಿ

ಭಾರತೀಯ ಸೈನಿಕರು ಫೀಲ್ಡ್ ಡ್ರೆಸ್ಸಿಂಗ್ ಎಂಬ ಒತ್ತುಪಟ್ಟಿಯನ್ನು ಬಹುಕಾಲದಿಂದ ಒಯ್ಯುತ್ತಿದ್ದಾರೆ. ಪುಲ್ವಾಮಾ ದಾಳಿಯ ನಂತರ, 2019ರ ಮಾರ್ಚ್‌ನಲ್ಲಿ, ಡಿಆರ್‌ಡಿಒದ ಇನ್ಮಾಸ್ ಪ್ರಯೋಗಾಲಯ ಅರೆಸೇನಾ ಪಡೆಗಳಿಗೂ ಉಪಯುಕ್ತವಾದ ರಕ್ತಸ್ರಾವ ತಡೆಯುವ ಸಾಮಗ್ರಿಗಳನ್ನು ರೂಪಿಸಿರುವುದಾಗಿ ಪ್ರಕಟಿಸಿತು. ಕೈಟೊಸಾನ್ ಆಧಾರಿತ ಆಕ್ಸಿಯೋಸ್ಟ್ಯಾಟ್ ಡ್ರೆಸ್ಸಿಂಗ್ ಆಕ್ಸಿಯೊ ಬಯೋಸೊಲ್ಯೂಷನ್ಸ್ ಎಂಬ ಭಾರತೀಯ ಕಂಪನಿಯ ತಯಾರಿಕೆ.

ನಮ್ಮ ಪೊಲೀಸರಿಗೆ ಈ ಕಿಟ್ ಬೇಕಾಗುವುದು ಗುಂಡೇಟಿಗಿಂತ ಹೆಚ್ಚಾಗಿ ರಸ್ತೆಯಲ್ಲಿ. 2022ರಲ್ಲಿ ದೇಶದಲ್ಲಿ 1,68,491 ಜನ ರಸ್ತೆ ಅಪಘಾತಗಳಲ್ಲಿ ಸತ್ತರು. ಲಾರಿಯ ಚಕ್ರಕ್ಕೆ ಕಾಲು ಸಿಕ್ಕ ಬೈಕ್ ಸವಾರನ ತೊಡೆಯ ಗಾಯಕ್ಕೆ ಬೇಕಾದದ್ದೂ ಅದೇ ಟೂರ್ನಿಕೆಟ್, ಅದೇ ಗಾಜ್. ಬೆಂಗಳೂರಿನ ಹೊಯ್ಸಳ ಗಸ್ತು ವಾಹನವಾಗಲಿ ಹೆದ್ದಾರಿ ಗಸ್ತಾಗಲಿ 108 ಆಂಬ್ಯುಲೆನ್ಸ್‌ಗಿಂತ ಮೊದಲು ತಲುಪುವ ಸಂದರ್ಭಗಳು ಇರುವುದರಿಂದ, ಅವುಗಳ ಸಿಬ್ಬಂದಿಗೆ ಎರಡು ಟೂರ್ನಿಕೆಟ್, ಸಾದಾ ಗಾಜ್ ಮತ್ತು ಒತ್ತುಪಟ್ಟಿ ಕೊಟ್ಟರೂ ದೊಡ್ಡ ಹೆಜ್ಜೆಯೇ. ಪೊಲೀಸರಿಗೂ ಮೊದಲು ಗಾಯಾಳುವಿಗೆ ನೆರವಾಗುವ ಸಾರ್ವಜನಿಕರನ್ನು ಕಿರುಕುಳದಿಂದ ರಕ್ಷಿಸಲು ಕರ್ನಾಟಕ 2016ರಲ್ಲೇ ಪ್ರತ್ಯೇಕ ಕಾನೂನು ರೂಪಿಸಿತು. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿ, ಅಂಥ ರಕ್ಷಣೆ ಇಡೀ ದೇಶಕ್ಕೆ ಅನ್ವಯವಾಯಿತು.