ಕಂಸಾಳೆಯ ಸೀಮೆಗೆ ತಂತಿಯಿಲ್ಲದ ಸ್ಪೀಕರು

ಟಿ.ವಿ.ಯ ಪರದೆ ವರ್ಷದಿಂದ ವರ್ಷಕ್ಕೆ ದೊಡ್ಡದಾಯಿತು. ಅದರ ದನಿ ಮಾತ್ರ ಸಣ್ಣದಾಗುತ್ತ ಬಂತು. ಹಳೆಯ ಡಬ್ಬದಂಥ ಟಿ.ವಿ.ಯ ಹೊಟ್ಟೆಯಲ್ಲಿ ಸ್ಪೀಕರಿಗೆ ಜಾಗವಿತ್ತು. ಗೋಡೆಗೆ ಅಂಟಿಕೊಂಡು ನಿಲ್ಲುವ ಈಗಿನ ತೆಳು ಟಿ.ವಿ.ಯಲ್ಲಿ ಅದಿಲ್ಲ. ಹೀಗಾಗಿ ಹೊಸ ಮನೆ ಕಟ್ಟಿದವರು ಟಿ.ವಿ.ಯ ಹಿಂದೆಯೇ ‘ಹೋಂ ಥಿಯೇಟರ್’ ಹುಡುಕಿ ಹೊರಡುತ್ತಾರೆ. ನುಣ್ಣಗೆ ಬಣ್ಣ ಬಳಿದ ಗೋಡೆಯ ಮೇಲೆ ತಂತಿ ಎಳೆಯಲು ಯಾರಿಗೂ ಮನಸ್ಸಿಲ್ಲ. ಆದ್ದರಿಂದ ವೈರ್‌ಲೆಸ್ ಇರಲಿ ಎನ್ನುತ್ತಾರೆ.

ಯಾವುದನ್ನು ಕೊಳ್ಳಬೇಕು? ಈ ಪ್ರಶ್ನೆಗೆ ಎಲ್ಲ ಊರಿಗೂ ಒಂದೇ ಉತ್ತರವಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಕಿವಿಗಂತೂ ತನ್ನದೇ ಒಂದು ಚರಿತ್ರೆಯಿದೆ.

ಮಲೆ ಮಹದೇಶ್ವರ ಬೆಟ್ಟದ ದೇವರಗುಡ್ಡರು ಮಾದಪ್ಪನ ಕಾವ್ಯವನ್ನು ‘ಸಾಲು’ಗಳಾಗಿ ಹಾಡುತ್ತಾರೆ. ಸಂಕಮ್ಮನ ಸಾಲು ಅವುಗಳಲ್ಲೊಂದು. ಮುಂದಿನ ಗಾಯಕ ಎತ್ತಿದ ಮಾತನ್ನು ಹಿಮ್ಮೇಳದವರು ಸೊಲ್ಲು ಹಾಕಿ ಹಿಡಿಯುತ್ತಾರೆ. ಬಟ್ಟಲಿನಂಥದೊಂದು, ತಟ್ಟೆಯಂಥದೊಂದು ಕಂಚಿನ ಕಂಸಾಳೆ ತಗುಲಿದಾಗ ಏಳುವ ಸದ್ದು ಗದ್ದಲದ ಜಾತ್ರೆಯಲ್ಲೂ ದೂರಕ್ಕೆ ಕೇಳುತ್ತದೆ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ನಡೆಸುವ ನೀಲಗಾರರ ಕೈಯಲ್ಲಿ ತಂಬೂರಿ ಇರುತ್ತದೆ. ಇಲ್ಲೆಲ್ಲ ದನಿ ನಡುವಿನಲ್ಲಿ, ಕೇಳುಗರು ಸುತ್ತ. ಒಬ್ಬನಿಗೆ ಹಿಮ್ಮೇಳ ಹತ್ತಿರ, ಇನ್ನೊಬ್ಬನಿಗೆ ಕಂಸಾಳೆ ಹತ್ತಿರ. ಸರೌಂಡ್ ಸೌಂಡ್ ಎನ್ನುವುದು ಇದನ್ನು ತಿರುಗಾಮುರುಗಾ ಮಾಡಿದ ವ್ಯವಸ್ಥೆ. ಅಲ್ಲಿ ಕೇಳುಗ ನಡುವೆ ಕೂರುತ್ತಾನೆ, ದನಿ ಅವನನ್ನು ಸುತ್ತುತ್ತದೆ.

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಮೈಸೂರು ಸೀಮೆ. ಸರ್ಕಾರದ ನಕ್ಷೆಯಲ್ಲಿ ಇವೆರಡರ ನಡುವೆ ಗಡಿಯಿತ್ತು. ಕಥೆ ಹಾಡುವವರಿಗೆ ಅದು ಇರಲಿಲ್ಲ, ರೇಡಿಯೊ ಅಲೆಗಳಿಗಂತೂ ಇರುವ ಮಾತೇ ಇಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರಿಗೆ ಮೂಲ ಆ ನಿಲಯವೇ. ಅದಕ್ಕೂ ನಲವತ್ತು ವರ್ಷ ಮೊದಲು, 1895ರಲ್ಲಿ, ಜಗದೀಶಚಂದ್ರ ಬೋಸರು ಕಲ್ಕತ್ತಾದಲ್ಲಿ ಗೋಡೆಯಾಚೆಗೆ ಅಲೆಗಳನ್ನು ಕಳಿಸಿ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದ್ದರು. ತಂತಿಯಿಲ್ಲದೆ ದನಿ ಬರುವುದು ನಮಗೆ ಹೊಸತೇನಲ್ಲ.

ಪಿ.ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದಾಗ ಮಾತು ಪುಸ್ತಕ ಸೇರಿತು. ಸದ್ದು ಮನೆ ಸೇರಿದ್ದು ಕ್ಯಾಸೆಟ್ಟಿನ ಮೂಲಕ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಪುಟ್ಟ ಟೇಪು ಎಂಬತ್ತರ ದಶಕದ ಹೊತ್ತಿಗೆ ಭಾರತದ ಸಂತೆ ಬೀದಿಗಳಿಗೂ ಬಂದಿತ್ತು. ರಾತ್ರಿಯಿಡೀ ನಡೆಯುವ ಕಥೆಯನ್ನು ಅರವತ್ತು ನಿಮಿಷಕ್ಕೆ ಕತ್ತರಿಸಬೇಕಾಯಿತು ಎಂಬುದು ಬೇರೆ ಮಾತು. ಆ ಕಾಲದ ಟೇಪ್ ರೆಕಾರ್ಡರುಗಳ ಮೇಲೆ ‘ಪಿ.ಎಂ.ಪಿ.ಓ.’ ಎಂದು ಸಾವಿರ ವ್ಯಾಟುಗಳ ಲೆಕ್ಕ ಬರೆದಿರುತ್ತಿತ್ತು. ಮನೆಯ ಬಲ್ಬು ಅರವತ್ತು ವ್ಯಾಟಿನದು, ಅಂಗೈ ಅಗಲದ ಸ್ಪೀಕರಿಗೆ ಸಾವಿರವೆಲ್ಲಿಂದ ಬರಬೇಕು! ಈಗಲೂ ನೋಡಬೇಕಾದ್ದು ‘ಆರ್.ಎಂ.ಎಸ್.’ ಎಂಬ ಅಂಕಿಯನ್ನೇ.

ಸುತ್ತುವ ದನಿಯ ಕಥೆ ಶುರುವಾದದ್ದು ಸಿನಿಮಾದಲ್ಲಿ. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೊಗೆ ಪೇಟೆಂಟ್ ಅರ್ಜಿ ಹಾಕಿದ. ಡಿಸ್ನಿಯವರ ‘ಫ್ಯಾಂಟೇಸಿಯ’ 1940ರಲ್ಲಿ ಪ್ರೇಕ್ಷಕರ ಸುತ್ತಲೂ ಸ್ಪೀಕರು ಇರಿಸಿತು. ವೆಚ್ಚ ವಿಪರೀತವಾಗಿ, ಕೆಲವೇ ಚಿತ್ರಮಂದಿರಗಳಲ್ಲಿ ಅದು ಮುಗಿಯಿತು. ಎಪ್ಪತ್ತರ ದಶಕದಲ್ಲಿ ನಾಲ್ಕು ಸ್ಪೀಕರಿನ ‘ಕ್ವಾಡ್ರಫೊನಿಕ್’ ಸಂಗೀತ ಮನೆಗೆ ಬಂತು. ಒಂದು ಕಂಪನಿಯ ತಟ್ಟೆ ಇನ್ನೊಂದರ ಯಂತ್ರದಲ್ಲಿ ಸರಿಯಾಗಿ ನುಡಿಯದೆ ಅದೂ ನೆಲ ಕಚ್ಚಿತು. 1977ರ ‘ಸ್ಟಾರ್ ವಾರ್ಸ್’ ಚಿತ್ರ ಡಾಲ್ಬಿ ಸ್ಟೀರಿಯೊವನ್ನು ಜನಪ್ರಿಯಗೊಳಿಸಿತು, 1982ರಲ್ಲಿ ಡಾಲ್ಬಿ ಸರೌಂಡ್ ಮನೆಗಳಿಗೆ ಇಳಿಯಿತು, 1992ರಲ್ಲಿ ಡಿಜಿಟಲ್ ಆಯಿತು. ಈಗಿನ ಡಬ್ಬಿಗಳ ಮೇಲಿರುವ ‘5.1’ ಎಂದರೆ ಮುಂದೆ ಮೂರು, ಅಕ್ಕಪಕ್ಕ ತುಸು ಹಿಂದಕ್ಕೆ ಎರಡು, ಜೊತೆಗೆ ತಗ್ಗಿನ ದನಿಗೊಂದು ಸಬ್‌ವೂಫರ್. ಮಾತೆಲ್ಲ ಬಹುಪಾಲು ನಡುವಿನ ಸ್ಪೀಕರಿನಿಂದ ಬರುತ್ತದೆ. ಮನೆಯಲ್ಲಿ ಕಿವಿ ಮಂದವಾದ ಹಿರಿಯರಿದ್ದರೆ ಹಿಂದಿನ ಎರಡಕ್ಕಿಂತ ಈ ಒಂದರ ಗುಣ ಮುಖ್ಯ.

ಇನ್ನು ‘ವೈರ್‌ಲೆಸ್’ ಎಂಬ ಮಾತಿನ ಮರ್ಮ. ಮೊದಲನೆಯದಾಗಿ, ಕರೆಂಟಿನ ತಂತಿ ಎಲ್ಲಿಗೂ ಹೋಗಿಲ್ಲ. ಬ್ಯಾಟರಿಯದಲ್ಲದಿದ್ದರೆ ಹಿಂದಿನ ಗೋಡೆಯಲ್ಲೂ ಪ್ಲಗ್ ಪಾಯಿಂಟ್ ಬೇಕು. ಮನೆ ಕಟ್ಟುವಾಗಲೇ ಎಲೆಕ್ಟ್ರಿಷಿಯನ್‌ಗೆ ಹೇಳಿದರೆ ಒಳಿತು. ಎರಡನೆಯದು, ಕೆಲವು ಡಬ್ಬಿಗಳ ಮೇಲೆ ವೈರ್‌ಲೆಸ್ ಎಂದಿರುವುದು ಮೊಬೈಲಿನಿಂದ ಬ್ಲೂಟೂತ್ ಮೂಲಕ ಹಾಡು ಹಾಕಬಹುದು ಎಂಬ ಅರ್ಥದಲ್ಲಿ ಮಾತ್ರ. ಹಿಂದಿನ ಸ್ಪೀಕರಿಗೆ ತಂತಿಯೇ ಗತಿ. ‘ಹಿಂದಿನ ಎರಡೂ ತಂತಿಯಿಲ್ಲದವೇ?’ ಎಂದು ಅಂಗಡಿಯಲ್ಲಿ ನೇರವಾಗಿ ಕೇಳಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ತಡದ್ದು. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಸಾಧಾರಣ ಬ್ಲೂಟೂತ್ ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಇನ್ನೂ ಹೆಚ್ಚು ತಡ ಮಾಡುತ್ತದೆ. ಅಂದರೆ ಹತ್ತಡಿ ದೂರದ ಸ್ಪೀಕರನ್ನು 34 ಮೀಟರ್ ಆಚೆಗಿಟ್ಟ ಹಾಗೆ! ಒಂದೇ ದನಿ ಎರಡು ಕಡೆಯಿಂದ ಅಲ್ಪ ಅಂತರದಲ್ಲಿ ಬಂದರೆ ಕಿವಿ ಅದನ್ನು ಒಂದೇ ಎಂದು ಗ್ರಹಿಸಿ, ಮೊದಲು ಬಂದ ದಿಕ್ಕನ್ನೇ ನಂಬುತ್ತದೆಂದು ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದ. ಅಂತರ ಬೆಳೆದರೆ ಅದು ಪ್ರತಿಧ್ವನಿಯಾಗುತ್ತದೆ, ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. ಒಳ್ಳೆಯ ಸೆಟ್ಟುಗಳು ಹಿಂದಿನ ಸ್ಪೀಕರುಗಳಿಗೆ ಬ್ಲೂಟೂತ್ ಬಿಟ್ಟು, ತಡ ಬಹಳ ಕಡಿಮೆಯಿರುವ ತಮ್ಮದೇ ರೇಡಿಯೊ ಸಂಪರ್ಕ ಬಳಸುತ್ತವೆ. ಕೊಳ್ಳುವವರು ಹಣ ಕೊಡಬೇಕಾದ್ದು ಇದಕ್ಕೆ, ಮಿನುಗುವ ದೀಪಗಳಿಗಲ್ಲ.

ಪರೀಕ್ಷೆಗೆ ಅಂಗಡಿಯವರು ಹಾಕುವ ಸ್ಫೋಟದ ದೃಶ್ಯವನ್ನು ನಂಬುವಂತಿಲ್ಲ. ಸಬ್‌ವೂಫರ್ ಎದೆಗೆ ಗುದ್ದಿದರೆ ಉಳಿದ ದೋಷಗಳೆಲ್ಲ ಮುಚ್ಚಿಹೋಗುತ್ತವೆ. ಮೊಬೈಲಿನಲ್ಲಿ ಒಂದು ಕಂಸಾಳೆ ಪದವನ್ನು ಒಯ್ದು ಕೇಳುವುದು ಮೇಲು. ಕಂಚಿನ ಏಟು ಹರಿತವಾಗಿ ಶುರುವಾಗಿ ಮೆಲ್ಲಗೆ ಕರಗಬೇಕು. ತಗಡು ಬಡಿದಂತೆ ಕೇಳಿದರೆ ಆ ಸ್ಪೀಕರು ಬೇಡ. ಹಿಮ್ಮೇಳ ದನಿ ಸೇರಿಸಿದಾಗಲೂ ಗಾಯಕನ ಮಾತು ಬಿಡಿಬಿಡಿಯಾಗಿ ತಿಳಿಯಬೇಕು.

ಇಂಥ ಧ್ವನಿಮುದ್ರಣಗಳು ಸಾಮಾನ್ಯವಾಗಿ ಇರುವುದು ಒಂದು ಅಥವಾ ಎರಡು ವಾಹಿನಿಯಲ್ಲಿ. ಯಂತ್ರ ಅದನ್ನೇ ಹಿಗ್ಗಿಸಿ ಐದಕ್ಕೂ ಹಂಚಿದಾಗ ಗಾಯಕ ಬಾವಿಯೊಳಗೆ ಕೂತು ಹಾಡಿದಂತಾಗುತ್ತದೆ. ಮಾದಪ್ಪನ ಕಥೆ ಕೇಳುವಾಗ ರಿಮೋಟಿನಲ್ಲಿ ‘ಸ್ಟೀರಿಯೊ’ ಒತ್ತಿ, ಹಿಂದಿನ ಎರಡು ಸ್ಪೀಕರುಗಳನ್ನು ಸುಮ್ಮನಿರಿಸುವುದೇ ಸರಿ. ಕೊಳ್ಳುವ ಮುನ್ನ ರಿಮೋಟಿನಲ್ಲಿ ಆ ಗುಂಡಿ ಇದೆಯೇ ಎಂದು ನೋಡಿಕೊಳ್ಳಬೇಕು.